ಹಳದಿ ಗೆರೆಯ ಸಂಸಾರ

ನಮ್ಮವರು ನನ್ನನ್ನು ಮನೆ ತುಂಬಿಸಿಕೊಳ್ಳುವುದಕ್ಕೆ ಮೊದಲೇ ಒಂದು ಸೌಟನ್ನು ಮನೆ ತುಂಬಿಸಿಕೊಂಡಿದ್ದರು. ಸುಮ್ಮನೆ ತುಂಬಿಸಿಕೊಂಡದ್ದಲ್ಲ, ಅಡುಗೆಮನೆಯ ಗೋಡೆಯ ಮೇಲೆ ಹಳದಿ ಬಣ್ಣದಲ್ಲಿ ಅದರ ಆಕಾರ ಬರೆದು ಶಾಶ್ವತ ಜಾಗವನ್ನೂ ಕೊಟ್ಟಿದ್ದರು! ಸೌಟಿನ ಪಕ್ಕ ಜಾಲರಿ, ಜಾಲರಿಯ ಪಕ್ಕ ಲಟ್ಟಣಿಗೆ, ಅದರ ಕೆಳಗೆ ಇಕ್ಕಳ. ಇವರೆಲ್ಲ ನೆಲೆಯೂರಿದ ಮೇಲೆ ಬಂದವಳು ನಾನು. ಇಂಥ ಮನೆಯಲ್ಲಿ ಹೆಂಡತಿಯ ಸ್ಥಾನ ಎಲ್ಲಿ ಎಂದು ನೀವೇ ಹೇಳಿ. ನನಗಂತೂ ಬಹಳ ದಿನ ಗೊತ್ತಾಗಲಿಲ್ಲ.

ಮನೆ ಇರುವುದು ಬೊಮ್ಮಸಂದ್ರದಲ್ಲಿ, ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ. ಓನರಮ್ಮನ ಮಾವನ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿತ್ತಂತೆ, ಈಗ ನಾಲ್ಕು ಅಂತಸ್ತು ಬೆಳೆದಿದೆ. ಎರಡನೇ ಮಹಡಿಯಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಮತ್ತು ಓನರಮ್ಮ ಬಾಲ್ಕನಿ ಎಂದು ಕರೆಯುವ ಒಂದು ಜಾಗ. ಅಲ್ಲಿ ಬಕೆಟ್ ಇಟ್ಟರೆ ಮನುಷ್ಯರು ನಿಲ್ಲುವಂತಿಲ್ಲ, ಮನುಷ್ಯರು ನಿಂತರೆ ಬಕೆಟ್ ಒಳಗೆ ಬರಬೇಕು.

ಮದುವೆ ಮುಗಿಸಿ ತಿಪಟೂರಿನಿಂದ ಬಂದು ಹೊಸ್ತಿಲಲ್ಲಿ ನಿಂತಾಗ ಇವರ ಅಕ್ಕ ಸೇರಿನಲ್ಲಿ ಅಕ್ಕಿ ತುಂಬಿ ಇಟ್ಟರು. ಬಲಗಾಲಿನಿಂದ ಒದ್ದು ಒಳಗೆ ಬಾರಮ್ಮ ಎಂದರು. ನಾನು ಕಾಲೆತ್ತಿದೆ. ಪಕ್ಕದಲ್ಲಿ ನಿಂತಿದ್ದ ಮದುಮಗ ಕಿವಿಯ ಹತ್ತಿರ ಬಗ್ಗಿ, "ಮೆಲ್ಲಗೆ ಒದಿ. ಅದರ ಜಾಗ ಶೆಲ್ಫಿನ ಮೇಲೆ," ಎಂದರು. ಗಂಡ ನನ್ನ ಕಿವಿಯಲ್ಲಿ ಆಡಿದ ಮೊದಲ ಮಾತು ಅದು! ಗಾಬರಿಗೆ ಜೋರಾಗಿಯೇ ಒದ್ದುಬಿಟ್ಟೆ. ಅಕ್ಕಿ ಚೆಲ್ಲಿತು, ಸೇರು ಉರುಳಿ ಮಂಚದ ಕೆಳಗೆ ಹೋಯಿತು. ನಮ್ಮ ಮದುವೆ ಆಲ್ಬಮ್ಮಿನಲ್ಲಿ ಇವತ್ತಿಗೂ ಆ ಫೋಟೋ ಇದೆ. ಕಾಲು ಮುಂದೆ ಚಾಚಿಕೊಂಡು ಒಬ್ಬಳೇ ನಿಂತ ಮದುಮಗಳು, ಹಿಂದೆ ಮಂಚದ ಕೆಳಗಿನಿಂದ ಹೊರಗೆ ಕಾಣುವ ಎರಡು ಅಂಗಾಲು.

ಅಷ್ಟರಲ್ಲಿ ಹಾಲುಕ್ಕಿಸಲು ಅಡುಗೆಮನೆಗೆ ಹೋದ ನಮ್ಮಮ್ಮ ಬೆವರುತ್ತಾ ಹೊರಗೆ ಬಂದರು. ನನ್ನನ್ನು ಬಾಲ್ಕನಿಗೆ ಎಳೆದರು (ಬಕೆಟ್ ಒಳಗೆ ಬಂತು).

"ಗೋಡೆ ಮೇಲೆ ಏನೇನೋ ಬರೆದಿದಾರಲ್ಲೇ. ಮೂಲೇಲಿ ನಿಂಬೆಹಣ್ಣು ಗಿಂಬೆಹಣ್ಣು ಇದ್ಯಾ ನೋಡು."

ನಿಂಬೆಹಣ್ಣು ಇತ್ತು. ಅದನ್ನು ಹಿಂಡುವ ಸ್ಕ್ವೀಜರೂ ಇತ್ತು, ಅದರ ಸುತ್ತ ಹಳದಿ ಗೆರೆಯೂ ಇತ್ತು. ಅಮ್ಮನಿಗೆ ಸಮಾಧಾನ ಹೇಳುವುದಿರಲಿ, ನನಗೇ ಏನೂ ಅರ್ಥವಾಗಿರಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಇವರು ವಿವರಿಸಿದರು. ಇವರ ಕೆಲಸ ಕಾರ್ಖಾನೆಯ ಟೂಲ್ ರೂಮಿನಲ್ಲಿ. ಅಲ್ಲಿ ದೊಡ್ಡದೊಂದು ಬೋರ್ಡು, ಅದರ ಮೇಲೆ ಪ್ರತಿ ಸ್ಪ್ಯಾನರಿಗೂ ಪ್ರತಿ ಸುತ್ತಿಗೆಗೂ ಅದರದೇ ಆಕಾರದ ಗೆರೆ. ಶಿಫ್ಟ್ ಮುಗಿಯುವಾಗ ಒಂದು ಸಲ ಕಣ್ಣಾಡಿಸಿದರೆ ಸಾಕು, ಯಾವುದು ವಾಪಸ್ ಬಂದಿಲ್ಲ ಎಂದು ತಿಳಿಯುತ್ತದೆ.

"ಸ್ಪ್ಯಾನರ್ ಒಂದು ಮಿಷನ್ ಒಳಗೆ ಉಳಿದುಬಿಟ್ರೆ, ಸ್ವಿಚ್ ಹಾಕಿದ ತಕ್ಷಣ ಕಥೆ ಮುಗೀತು. ಅದಕ್ಕೇ ಗೆರೆ ಖಾಲಿ ಇದ್ರೆ ಯಾರೂ ಮನೆಗೆ ಹೋಗಂಗಿಲ್ಲ. ಮ್ಯಾನೇಜರ್ ಆದ್ರೂ ಅಷ್ಟೇ, ಸಿಗೋವರೆಗೂ ಕೂರಬೇಕು."

"ಸರಿ ರೀ. ನಮ್ಮ ಮನೇಲಿ ಯಾವ ಮಿಷನ್ ಇದೆ?"

ಇವರು ತುಂಬ ಹೊತ್ತು ಯೋಚಿಸಿದರು. ಕೊನೆಗೆ, "ಮಿಕ್ಸಿ," ಎಂದರು.

ಬಾಡಿಗೆ ಮನೆಯ ಗೋಡೆಗೆ ಹೀಗೆಲ್ಲ ಬಣ್ಣ ಬಳಿಯಲು ಬಿಟ್ಟವರು ಯಾರು ಎಂದು ನಿಮಗೂ ಅನುಮಾನ ಬಂದಿರಬೇಕು. ಓನರಮ್ಮನನ್ನೇ ಕೇಳಿದೆ. "ಮೊಳೆ ಒಡೀಬಾರ್ದು ಅಂತ ಕಂಡೀಸನ್ ಆಕಿದ್ದೆ ಕಣವ್ವ. ಸೌಟಿನ ಬೊಂಬೆ ಬರೀಬಾರ್ದು ಅಂತ ಏಳೋಕೆ ನಂಗೆ ಒಳೀಲೇ ಇಲ್ಲ," ಎಂದು ನಿಟ್ಟುಸಿರು ಬಿಟ್ಟರು. ನಮ್ಮವರು ಕಂಡೀಷನ್ ಮೀರಿರಲಿಲ್ಲ, ಎಲ್ಲವನ್ನೂ ಅಂಟಿಸುವ ಕೊಕ್ಕೆಗಳಿಗೇ ನೇತುಹಾಕಿದ್ದರು.

ಖಾಲಿ ಗೆರೆಯ ಕಾನೂನು ಎಷ್ಟು ಕಟ್ಟುನಿಟ್ಟು ಎಂದು ನನಗೆ ತಿಳಿದದ್ದು ಲಟ್ಟಣಿಗೆಯಿಂದ. ಒಂದು ಸಂಜೆ ಇವರು ಶಿಫ್ಟ್ ಮುಗಿಸಿ ಬಂದವರು ಬಾಗಿಲಲ್ಲೇ ನಿಂತರು. ಅಲ್ಲಿಂದ ಅಡುಗೆಮನೆಯ ಗೋಡೆ ಪೂರ್ತಿ ಕಾಣುತ್ತದೆ. ಮನೆಯೇ ಅಷ್ಟಲ್ಲವೇ!

"ಲಟ್ಟಣಿಗೆ ಎಲ್ಲಿ?"

"ಎಲ್ಲೋ ಇರುತ್ತೆ. ಬನ್ನಿ, ಕಾಫಿ ಕುಡೀರಿ."

"ಸಿಗ್ಲಿ, ಬರ್ತೀನಿ."

ಶೂ ಬಿಚ್ಚಲಿಲ್ಲ. ಊಟದ ಡಬ್ಬಿಯ ಚೀಲ ಹೆಗಲಿನಿಂದ ಇಳಿಸಲಿಲ್ಲ. ನಾನು ಮಂಚದ ಕೆಳಗೆ, ಅಕ್ಕಿ ಡಬ್ಬದೊಳಗೆ, ಹಾಸಿಗೆಯ ಅಡಿಯಲ್ಲೆಲ್ಲ ಹುಡುಕಿದೆ. ಲಟ್ಟಣಿಗೆ ಹಾಸಿಗೆಯ ಅಡಿ ಏಕೆ ಹೋಗುತ್ತದೆ ಎಂದು ಕೇಳಬೇಡಿ, ಆ ಹೊತ್ತಿಗೆ ನನ್ನ ತಲೆ ಅಷ್ಟು ಕೆಟ್ಟಿತ್ತು. ಕೊನೆಗೆ ನೆನಪಾಯಿತು, ಬೆಳಿಗ್ಗೆ ಓನರಮ್ಮ ಕೇಳಿದ್ದರು, ಕೊಟ್ಟಿದ್ದೆ. ಇವರು ಹಾಗೆಯೇ ಕೆಳಗಿಳಿದು ಹೋಗಿ ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವರು ಚಪಾತಿ ಲಟ್ಟಿಸುತ್ತಿದ್ದರು.

"ಇಂಗೆ ಪೊಲೀಸ್ನೋರ ತರ ನಿಂತ್ಕೊಂಡ್ರೆ ನನ್ ಚಪಾತಿ ರೌಂಡಾಗಲ್ಲ ಕಣಪ್ಪ. ಓಗಿ ಮೆಟ್ಲ ಮೇಲೆ ಕುಂತ್ಕೋ."

ಕುಳಿತರು. ಕೊನೆಯ ಚಪಾತಿ ಬೇಯುವವರೆಗೂ ಶೂ ಹಾಕಿಕೊಂಡೇ ಕುಳಿತಿದ್ದು, ಲಟ್ಟಣಿಗೆಯೊಂದಿಗೆ ಮೇಲೆ ಬಂದು, ಅದನ್ನು ಗೆರೆಯೊಳಗೆ ನೇತುಹಾಕಿ, ಆಮೇಲೆ ಬಾಗಿಲ ಬಳಿ ಹೋಗಿ ಶೂ ಬಿಚ್ಚಿದರು. ಮುಖದಲ್ಲಿ ಎಂಥ ನೆಮ್ಮದಿ! ನನ್ನನ್ನು ನೋಡಲು ನಮ್ಮ ಮನೆಗೆ ಬಂದ ದಿನವೂ ಆ ಮುಖದಲ್ಲಿ ಅಷ್ಟು ನೆಮ್ಮದಿ ಇರಲಿಲ್ಲ.

ಇವರ ಜೊತೆ ಕೆಲಸ ಮಾಡುವ ಗದಗಿನ ಗೆಳೆಯರೊಬ್ಬರು ಒಮ್ಮೆ ಊಟಕ್ಕೆ ಬಂದವರು ಗೋಡೆ ನೋಡಿ, "ಏನಪಾ, ಇಲ್ಲೂ ಆಡಿಟ್ ಐತೇನು?" ಎಂದರು. ನಾನು ನಕ್ಕೆ. ಇವರು ನಗಲಿಲ್ಲ. ಗೆಳೆಯರ ಲೋಟ ಗೆರೆಯ ಹೊರಗಿತ್ತು.

ಆದರೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಚಂದಾಪುರದ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ರಿಸೆಪ್ಷನ್ ಕೆಲಸ. ಇವರಿಗೆ ವಾರವಾರವೂ ಬದಲಾಗುವ ಶಿಫ್ಟ್. ಎಷ್ಟೋ ದಿನ ನಾನು ಮೆಟ್ಟಿಲು ಹತ್ತುವಾಗ ಇವರು ಇಳಿಯುತ್ತಿರುತ್ತಾರೆ, ಇಡೀ ದಿನದ ದಾಂಪತ್ಯ ಮೊದಲನೇ ಮಹಡಿಯ ತಿರುವಿನಲ್ಲೇ ಮುಗಿದುಹೋಗುತ್ತದೆ. ಆಗೆಲ್ಲ ನನ್ನೊಂದಿಗೆ ಮಾತನಾಡುತ್ತಿದ್ದದ್ದು ಗೋಡೆ. ಡಬ್ಬಿಯ ಗೆರೆ ಖಾಲಿ ಇದ್ದರೆ ಊಟ ತೆಗೆದುಕೊಂಡು ಹೋಗಿದ್ದಾರೆ. ಛತ್ರಿ ಗೆರೆಯಲ್ಲೇ ಇದ್ದು ಹೊರಗೆ ಮಳೆ ಬರುತ್ತಿದ್ದರೆ ನೆನೆದುಕೊಂಡು ಬರುತ್ತಾರೆ, ನೀರು ಕಾಯಿಸಬೇಕು. ಕಾಫಿ ಲೋಟ ಒದ್ದೆಯಾಗಿ ಜಾಗದಲ್ಲಿದ್ದರೆ ಈಗಷ್ಟೇ ಹೊರಟಿದ್ದಾರೆ, ಕಿಟಕಿಯಿಂದ ಬಗ್ಗಿದರೆ ಬಸ್ ಸ್ಟಾಪಿನಲ್ಲಿ ಕಾಣಬಹುದು. ಎಷ್ಟೋ ಸಲ ಬಗ್ಗಿ ನೋಡಿದ್ದೇನೆ.

ರೋಗ ನನಗೂ ಅಂಟಿತು. ಒಂದು ದಿನ ಲ್ಯಾಬಿನ ಡಾಕ್ಟರ್ ಮೇಡಂ ಬಂದು, "ಯಾರ್ರೀ ಇದು, ಸ್ಟೇಪ್ಲರ್ ಸುತ್ತ ಗೆರೆ ಎಳೆದಿರೋದು?" ಎಂದರು. ನಾನೂ ಅಚ್ಚರಿಯಿಂದ ನೋಡಿದೆ. ಪೆನ್ನು ನನ್ನ ಕೈಯಲ್ಲೇ ಇತ್ತು.

ಹೀಗೆ ಮನೆಯಲ್ಲಿ ಸೌಟಿಗೆ ಗೆರೆ, ಪೊರಕೆಗೆ ಗೆರೆ, ಬಾಗಿಲ ಪಕ್ಕ ಇವರ ಶೂಗಳಿಗೆ ಗೆರೆ, ಕೊನೆಗೆ ಸೊಳ್ಳೆ ಬ್ಯಾಟಿಗೂ ಒಂದು ಗೆರೆ. ನಾನು ತಂದ ಬಳೆ ಸ್ಟ್ಯಾಂಡು, ಹೊಲಿಗೆ ಪೆಟ್ಟಿಗೆ, ನಾಲ್ಕು ಪುಸ್ತಕ, ಇವಕ್ಕೆ ಮಾತ್ರ ಗೆರೆ ಇಲ್ಲ. ಇವರು ಅವನ್ನು ಮುಟ್ಟುತ್ತಿರಲಿಲ್ಲ, ಸರಿಸುತ್ತಿರಲಿಲ್ಲ, ಅವುಗಳ ಸುತ್ತ ಬಳಸಿ ನಡೆಯುತ್ತಿದ್ದರು. ಎಲ್ಲಿಟ್ಟರೂ ಅದು ತಪ್ಪು ಜಾಗವೂ ಅಲ್ಲ, ಸರಿಯಾದ ಜಾಗವೂ ಅಲ್ಲ. ನಿಧಾನವಾಗಿ ನನಗೆ ನಾನೂ ಹಾಗೆಯೇ ಅನ್ನಿಸತೊಡಗಿತು. ಹಾಸಿಗೆಯ ಮೇಲೆ ಕೂತರೆ ಯಾರದೋ ಜಾಗದಲ್ಲಿ ಕೂತ ಹಾಗೆ, ಕಿಟಕಿಯ ಬಳಿ ನಿಂತರೆ ಯಾರಿಗೋ ಅಡ್ಡ ನಿಂತ ಹಾಗೆ. ಇದು ನನ್ನ ಮನೆಯೋ, ಇವರ ಟೂಲ್ ರೂಮಿಗೆ ನಾನು ಬಂದು ಸೇರಿದ್ದೇನೆಯೋ ಎಂದು ನಿಜಕ್ಕೂ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಕೇಳಿಯೇಬಿಟ್ಟೆ.

"ಎಲ್ಲದಕ್ಕೂ ಗೆರೆ ಹಾಕಿದೀರಲ್ಲ, ನಂದೆಲ್ಲಿ?"

ಇವರು ಕಣ್ಣು ಕಣ್ಣು ಬಿಟ್ಟರು. "ಓಡಾಡೋರಿಗೆ ಗೆರೆ ಹಾಕಲ್ಲ ಕಣೇ. ಟೂಲ್ಸಿಗೆ ಮಾತ್ರ."

"ನಾನೇನು ಬರೀ ಓಡಾಡೋಳಾ?"

ಇವರು ಮತ್ತೆ ಯೋಚಿಸತೊಡಗಿದರು. ಮಿಕ್ಸಿ ಎಂದು ಹೇಳುವಾಗ ಯೋಚಿಸಿದ ಹಾಗೆಯೇ. ಈ ಸಲ ಉತ್ತರಕ್ಕೆ ನಾನು ಕಾಯಲಿಲ್ಲ. ಆ ವಾರವೇ ತಂಗಿಯ ಮಗುವಿನ ನಾಮಕರಣಕ್ಕೆಂದು ತಿಪಟೂರಿಗೆ ಹೊರಟೆ. ನಾಮಕರಣ ಮುಗಿಯಿತು. ಮಗುವಿಗೆ ಹೆಸರು ಅಭ್ಯಾಸವಾಗುವಷ್ಟು ದಿನ ಕಳೆಯಿತು. ಲ್ಯಾಬಿಗೆ ರಜೆಯ ಮೇಲೆ ರಜೆ ಹೇಳಿದೆ. ಯಾಕೆ ಹೋಗಲಿಲ್ಲ ಎಂದರೆ, ಸಿಟ್ಟೇನೂ ಅಷ್ಟಿರಲಿಲ್ಲ. ಹೋಗಿ ಎಲ್ಲಿ ನಿಲ್ಲುವುದು ಎಂದು ಗೊತ್ತಿರಲಿಲ್ಲ.

ಇವರು ದಿನಾ ಫೋನ್ ಮಾಡುತ್ತಿದ್ದರು. ಯಾವಾಗ ಬರ್ತೀಯಾ ಎಂದು ಮಾತ್ರ ಕೇಳುತ್ತಿರಲಿಲ್ಲ.

"ಎಲ್ಲಾ ಅದರದರ ಜಾಗದಲ್ಲಿದೆ," ಎನ್ನುತ್ತಿದ್ದರು.

"ಸಂತೋಷ," ಎನ್ನುತ್ತಿದ್ದೆ.

ಆಮೇಲೆ ಇಬ್ಬರೂ ಫೋನ್ ಇಡುತ್ತಿದ್ದೆವು. ವಿಚಿತ್ರವೆಂದರೆ ತವರಿನಲ್ಲೂ ನನಗೆ ನೆಲೆ ಸಿಗಲಿಲ್ಲ. ಕಾಫಿ ಕುಡಿದ ಲೋಟ ಹಿಡಿದುಕೊಂಡು ಅಮ್ಮನ ಅಡುಗೆಮನೆಯಲ್ಲಿ ನಿಂತುಬಿಡುತ್ತಿದ್ದೆ. "ಎಲ್ಲಾದ್ರೂ ಇಡೇ ಅದನ್ನ," ಎನ್ನುತ್ತಿದ್ದರು ಅಮ್ಮ. ಹುಟ್ಟಿ ಬೆಳೆದ ಮನೆಯಲ್ಲಿ ಎಲ್ಲಾದರೂ ಎಂದರೆ ಎಲ್ಲಿ ಎಂದು ನನಗೆ ತೋಚುತ್ತಿರಲಿಲ್ಲ! ಬೊಮ್ಮಸಂದ್ರದ ಆ ಗೋಡೆ ನೆನಪಾಗುತ್ತಿತ್ತು. ಛತ್ರಿ ತೆಗೆದುಕೊಂಡು ಹೋದರೋ ಇಲ್ಲವೋ ಎಂದು ಚಿಂತೆಯಾಗುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ ಹತ್ತಿದೆ.

ಮಧ್ಯಾಹ್ನ ಮನೆ ತಲುಪಿದಾಗ ಓನರಮ್ಮ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದರು. ನನ್ನನ್ನು ಕಂಡು ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತರು.

"ಬಂದ್ಯಾ ತಾಯಿ. ನಿನ್ ಗಂಡಂಗೆ ಏನಾಗದೆ ಅಂತ ಒಸಿ ಕೇಳವ್ವ. ಕೆಲ್ಸ ಮುಗುಸ್ಕೊಂಡು ಬತ್ತಾನೆ, ಬಾಕ್ಲು ತೆಗೀತಾನೆ, ಒಳಗೆ ನೋಡ್ತಾನೆ, ವಾಪಸ್ ಬಂದು ಮೆಟ್ಲ ಮೇಲೆ ಕುಂತ್ಕತಾನೆ. ಶೂನೂ ಬಿಚ್ಚಲ್ಲ. ದಿನಾ ಇದೇ ಕತೆ. ನಾನೇ ಗದರಿ ಊಟ ಮಾಡೋಗು ಅಂತ ಒಳಕ್ಕೆ ಕಳುಸ್ತೀನಿ. ಏನ್ ಕಳ್ಕೊಂಡವ್ನೆ ಅಂತ?"

ಲಟ್ಟಣಿಗೆಯೇ ಇರಬೇಕು ಎಂದುಕೊಂಡು ಮೆಟ್ಟಿಲು ಹತ್ತಿದೆ. ಬೀಗ ತೆಗೆದು ಬಾಗಿಲಲ್ಲೇ ನಿಂತು ಗೋಡೆ ನೋಡಿದೆ. ಸೌಟು ಇತ್ತು. ಜಾಲರಿ ಇತ್ತು. ಲಟ್ಟಣಿಗೆ, ಇಕ್ಕಳ, ಪೊರಕೆ, ಸೊಳ್ಳೆ ಬ್ಯಾಟು, ಎಲ್ಲವೂ ಇದ್ದವು. ಡಬ್ಬಿಯ ಗೆರೆ ಮಾತ್ರ ಖಾಲಿ, ಅದು ಇವರ ಜೊತೆ ಕೆಲಸಕ್ಕೆ ಹೋಗಿದೆ. ಹಾಗಾದರೆ ಕಳೆದದ್ದು ಯಾವುದು? ಏನೂ ತಿಳಿಯದೆ ತಲೆ ತಗ್ಗಿಸಿದೆ.

ಬಾಗಿಲ ಪಕ್ಕ, ಇವರ ಶೂಗಳ ಗೆರೆಯ ಬದಿಯಲ್ಲಿ, ನೆಲದ ಮೇಲೆ ಹೊಸ ಹಳದಿ ಬಣ್ಣ. ಮೊದಲು ಎರಡು ಮಾವಿನಕಾಯಿ ಬರೆದಿದ್ದಾರೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಚಪ್ಪಲಿ. ನನ್ನ ಚಪ್ಪಲಿ. ಅಳತೆಗೆ ಚಪ್ಪಲಿ ಸಿಗದೆ ನೆನಪಿನಿಂದ ಬರೆದಿದ್ದರು, ಅದನ್ನು ಹಾಕಿಕೊಂಡೇ ನಾನು ಹೋಗಿದ್ದೆನಲ್ಲ! ಕೂದಲೆಳೆ ವ್ಯತ್ಯಾಸ ಕಂಡರೂ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸುವ ಮನುಷ್ಯ ಎರಡನ್ನೂ ಎಡಗಾಲಿಗೇ ಬರೆದುಬಿಟ್ಟಿದ್ದರು.

ಚಪ್ಪಲಿ ಬಿಟ್ಟು ಗೆರೆಯೊಳಗೆ ಇಟ್ಟೆ. ಎಡಗಾಲಿನದು ಸರಿಯಾಗಿ ಕೂತಿತು, ಬಲಗಾಲಿನದು ಅರ್ಧ ಹೊರಗೆ ಉಳಿಯಿತು. ನನಗೆ ಅಲ್ಲೇ ಅಳು ಬಂತು.

ಕೆಳಗೆ ಶೂಗಳ ಸದ್ದಾಯಿತು. ಇವರು ಮೇಲೆ ಬಂದರು, ಅಭ್ಯಾಸದಂತೆ ಬಾಗಿಲಲ್ಲಿ ನಿಂತರು. ಮೊದಲು ನೆಲ ನೋಡಿದರು, ಆಮೇಲೆ ನನ್ನನ್ನು.

"ಓಡಾಡೋರಿಗೆ ಗೆರೆ ಹಾಕಲ್ಲ ಅಂದಿದ್ರಿ," ಎಂದೆ.

"ನೀನು ಹೋದ ಮೇಲೆ ಬೋರ್ಡೆಲ್ಲ ಫುಲ್ ಇತ್ತು ಕಣೇ. ಯಾವ ಗೆರೆನೂ ಖಾಲಿ ಇಲ್ಲ. ನೋಡಿದೋರು ಎಲ್ಲಾ ಸರಿ ಇದೆ ಅನ್ಕೋಬೇಕು. ನಂಗೆ ಅದನ್ನ ನೋಡಕ್ಕಾಗ್ಲಿಲ್ಲ." ಆಮೇಲೆ ಬಗ್ಗಿ ನೋಡಿ, "ಬಲಗಾಲು ತಪ್ಪಾಗಿದೆ. ಅಳಿಸಿ ಬರೀತೀನಿ," ಎಂದರು.

"ಬೇಡ. ಹಂಗೇ ಇರ್ಲಿ."

ಇವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಹೊಸ್ತಿಲ ಮೇಲೆ ಕುಳಿತು, ಹೆಗಲಿನ ಚೀಲ ಇಳಿಸಿ, ನಿಧಾನವಾಗಿ ಶೂ ಲೇಸು ಬಿಚ್ಚತೊಡಗಿದರು.