ಮಾವನ ಕೆಮ್ಮಿನಿಂದ ಬಂದ ಶೌಚಾಲಯ

ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದವಳು ನಾನು. ನಮ್ಮೂರಿನಿಂದ ದಿನವೂ ಬಸ್ಸಿನಲ್ಲಿ ಚಾಮರಾಜನಗರದ ಕಾಲೇಜೊಂದಕ್ಕೆ ಹೋಗಿ ಮಕ್ಕಳಿಗೆ, ‘ಆಕರಗಳನ್ನು ಪರೀಕ್ಷಿಸದೆ ಏನನ್ನೂ ನಂಬಬೇಡಿ’ ಎಂದು ಪಾಠ ಹೇಳುತ್ತೇನೆ. ದಿನಚರಿ ಬರೆಯುವ ಚಟವೂ ಇದೆ. ಆದರೆ ನಮ್ಮೂರಿಗೆ ಮಹಿಳಾ ಶೌಚಾಲಯ ಮಂಜೂರಾದ ಆ ಚಾರಿತ್ರಿಕ ದಿನದ ಪುಟ ತೆಗೆದರೆ ಅಲ್ಲಿರುವುದು ಇಷ್ಟೇ: ‘ಬಸ್ಸು ತಡ. ಉಪ್ಪಿಟ್ಟಿಗೆ ಉಪ್ಪು ಕಡಿಮೆ. ಸಭೆ ಆಯಿತು.’ ಹಾಗಾಗಿ ಮಿಕ್ಕಿದ್ದನ್ನೆಲ್ಲ ನೆನಪಿನಿಂದಲೇ ಬರೆಯಬೇಕು. ಕೆಲವು ವಿವರಗಳು ಹಿಂದುಮುಂದಾಗಿರಬಹುದು, ಒಬ್ಬರ ಸೀರೆಯನ್ನು ಇನ್ನೊಬ್ಬರಿಗೆ ಉಡಿಸಿರಬಹುದು. ಊರಿನ ಹೆಸರು ಮಾತ್ರ ಚೆನ್ನಾಗಿ ನೆನಪಿದೆ, ಆದರೆ ಬರೆಯುವುದಿಲ್ಲ. ಗುಂಡ್ಲುಪೇಟೆಯ ಕಡೆ ಪುರಸಭೆಯಿರುವ ಒಂದು ಊರು ಎಂದುಕೊಂಡರೆ ಸಾಕು. ಹೆಸರು ಹಾಕಿದರೆ ಹಬ್ಬಕ್ಕೆ ಕರೆಯುವುದಿಲ್ಲವೆಂದು ನನ್ನ ಸೋದರಮಾವ ಎಚ್ಚರಿಸಿದ್ದಾರೆ. ಅತ್ತೆಯ ಕೈಯ ಒಬ್ಬಟ್ಟನ್ನು ಸತ್ಯಕ್ಕಾಗಿ ಬಿಟ್ಟುಕೊಡುವಷ್ಟು ದೊಡ್ಡ ಇತಿಹಾಸಕಾರಳು ನಾನಲ್ಲ.

ನನ್ನ ಕಷ್ಟ ಸಣ್ಣದು, ಆದರೆ ದಿನವೂ ಇರುವಂಥದ್ದು. ನಮ್ಮೂರ ಬಸ್ ನಿಲ್ದಾಣದಲ್ಲಿ, ಅದಕ್ಕೆ ಅಂಟಿಕೊಂಡ ಸಂತೆಮಾಳದಲ್ಲಿ, ಹೆಂಗಸರಿಗೆ ಒಂದು ಶೌಚಾಲಯವಿರಲಿಲ್ಲ. ಬಸ್ಸು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲದ ಊರಿನಲ್ಲಿ ಇದು ಎಂಥ ಸಂಕಟವೆಂದು ಗಂಡಸರಿಗೆ ವಿವರಿಸುವುದು ವ್ಯರ್ಥ; ಅವರಿಗೆ ಇಡೀ ತಾಲ್ಲೂಕಿನ ಬೇಲಿಗಳು ಮೀಸಲಾಗಿವೆ. ಬೆಳಿಗ್ಗೆ ಎದ್ದಾಗಿನಿಂದ ನಾನು ನೀರನ್ನು ಔಷಧಿಯಂತೆ ಒಂದೊಂದೇ ಗುಟುಕು ಕುಡಿಯುತ್ತಿದ್ದೆ. ಸಾರಿನ ಬದಲು ಪಲ್ಯ ತಿನ್ನುತ್ತಿದ್ದೆ. ಸೌತೆಕಾಯಿಯನ್ನು ಕಂಡರೆ ಶತ್ರುವನ್ನು ಕಂಡಂತಾಗುತ್ತಿತ್ತು. ನನ್ನದಾದರೂ ಅರ್ಧ ದಿನದ ಪಾಡು. ಹಂಗಳದಿಂದ ಸೊಪ್ಪು ತಂದು ಮಾರುವ ಚಿಕ್ಕತಾಯಮ್ಮ ಮೊದಲ ಬಸ್ಸಿಗೆ ಬಂದರೆ ಕೊನೆಯ ಬಸ್ಸಿಗೆ ಹೋಗುವವಳು. ಸೊಪ್ಪಿಗೆ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದಳೇ ಹೊರತು ತಾನು ಒಂದು ತೊಟ್ಟು ಕುಡಿದದ್ದನ್ನು ನಾನು ಕಂಡಿಲ್ಲ. ಎರಡು ಸಲ ಬಿಸಿಲಿಗೆ ತಲೆತಿರುಗಿ ಸೊಪ್ಪಿನ ಮೇಲೆಯೇ ಬಿದ್ದಿದ್ದಳು.

ಹೀಗಿರುವಾಗ ಪುರಸಭೆಗೆ ಒಂದಿಷ್ಟು ಅನುದಾನ ಬಂತು. ಅದರಲ್ಲಿ ಒಂದೇ ಒಂದು ಕಾಮಗಾರಿ ಮಾಡಬಹುದು: ಹೆದ್ದಾರಿಗೆ ಸ್ವಾಗತ ಕಮಾನು, ಇಲ್ಲವೇ ಸಂತೆಮಾಳದಲ್ಲಿ ಮಹಿಳಾ ಶೌಚಾಲಯ. ಸದಸ್ಯರು ಸರಿಯಾಗಿ ಅರ್ಧಕ್ಕೆ ಅರ್ಧ ಒಡೆದರು. ಶೌಚಾಲಯ ಬೇಡವೆಂದು ಯಾರೂ ಹೇಳಲಿಲ್ಲ ಅನ್ನಿ. ಬೇಕು, ಖಂಡಿತ ಬೇಕು, ಆದರೆ ನಮ್ಮ ವಾರ್ಡಿನಲ್ಲಿ ಬೇಡ, ನಮ್ಮ ಹೋಟೆಲಿನ ಎದುರು ಬೇಡ, ನಮ್ಮ ದೇವರ ಹಿಂದೆ ಬೇಡ. ಒಬ್ಬ ಸದಸ್ಯರು ಕೆರೆ ಏರಿಯ ಆಚೆ ಕಟ್ಟೋಣವೆಂದರು. ಅಲ್ಲಿಗೆ ಹೋಗಿಬರಲು ಮತ್ತೊಂದು ಬಸ್ಸಿಗೆ ಕಾಯಬೇಕಾಗಿತ್ತು.

ಕಮಾನಿನ ಪಕ್ಷದ ಮುಂದಾಳು ನನ್ನ ಸೋದರಮಾವ ಗುರುಮಲ್ಲಪ್ಪನವರೇ. ಊರೆಲ್ಲ ಅವರನ್ನು ‘ಮೆಂಬರ್ರು’ ಎನ್ನುತ್ತದೆ. ಆದರೆ ಗೆದ್ದು ಸದಸ್ಯರಾಗಿರುವುದು ಅವರಲ್ಲ, ಅವರ ಹೆಂಡತಿ ಶಿವಮ್ಮತ್ತೆ. ವಾರ್ಡು ಮಹಿಳೆಯರಿಗೆ ಮೀಸಲಾದಾಗ ಮಾವ ಅತ್ತೆಯನ್ನು ನಿಲ್ಲಿಸಿದರು. ಪೋಸ್ಟರಿನಲ್ಲಿ ಮಾವನ ಮುಖ ಹಲಸಿನ ಹಣ್ಣಿನಷ್ಟು, ಅತ್ತೆಯದು ಅದರೊಳಗಿನ ಬೀಜದಷ್ಟು. ಗೆದ್ದ ದಿನ ಹಾರ ಬಿದ್ದದ್ದೂ ಮಾವನ ಕೊರಳಿಗೇ. ಸಭೆಯಲ್ಲಿ ಮಾತ್ರ ಅತ್ತೆಯೇ ಕೂರಬೇಕಲ್ಲ, ಅದಕ್ಕೂ ಮಾವ ಒಂದು ದಾರಿ ಹುಡುಕಿದ್ದರು. ಹಿಂದಿನ ಬೆಂಚಿನಲ್ಲಿ ತಾವು ಕೂತು ಕೆಮ್ಮುವುದು. ಕೆಮ್ಮಿದರೆ ಅತ್ತೆ ಕೈ ಎತ್ತಬೇಕು, ಸುಮ್ಮನಿದ್ದರೆ ಎತ್ತಬಾರದು. ಈ ಏರ್ಪಾಡು ಇಡೀ ಊರಿಗೇ ಗೊತ್ತಿತ್ತು. ಯಾರಿಗೂ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ನಾನು ಮೊದಲು ಮಾವನನ್ನೇ ಒಲಿಸಲು ಹೋದೆ.

“ಕಮಾನು ಅಂದ್ರೆ ಊರಿನ್ ಮರ್ವಾದೆ ಕಣಮ್ಮಿ. ಊಟಿಗೋಗೋರು, ಕೇರಳಕ್ಕೋಗೋರು ಎಲ್ಲ ತಲೆ ಎತ್ತಿ ನೋಡ್ಬೇಕು,” ಎಂದರು.

“ಮಾವ, ಅವರೆಲ್ಲ ನಮ್ಮೂರಲ್ಲಿ ಕಾರು ನಿಲ್ಸೋದೇ ತಲೆ ತಗ್ಗಿಸಿ ಪೊದೆ ಹುಡುಕೋಕೆ,” ಎಂದೆ.

ಮಾವ ನನ್ನ ಮೇಲೆ ಸಿಟ್ಟಾಗಲಿಲ್ಲ. “ಓದ್ದೋರ್ ಬಾಯಿ,” ಎಂದು ಟವೆಲ್ಲು ಕೊಡವಿಕೊಂಡು ಸಂತೆಗೆ ಹೋದರು. ಅಲ್ಲಿ ಚಿಕ್ಕತಾಯಮ್ಮ ಕಾದಿದ್ದಳು.

“ಮೆಂಬ್ರಣ್ಣ, ಕಮಾನ್ ಕಟ್ಟುಸ್ತೀರಂತೆ? ವಸಿ ಅಗ್ಲುಕ್ಕೆ ಕಟ್ಸಿ. ನಾವೆಲ್ಲ ಅದರ್ ಮರೇಲೇ ಕೂತ್ಕತೀವಿ.”

ಸಂತೆಯೆಲ್ಲ ನಕ್ಕಿತು. ಮಾವ ಅಂದು ಸೊಪ್ಪು ಕೊಳ್ಳದೆ ಮನೆಗೆ ಬಂದರಂತೆ.

ಇನ್ನು ಉಳಿದದ್ದು ಅತ್ತೆ. ನಾನು ವಾರವಿಡೀ ಅವರ ಅಡುಗೆಮನೆಯಲ್ಲಿ ಕೂತು ಹೆಣ್ಣಿನ ಹಕ್ಕು, ಆರೋಗ್ಯ, ಘನತೆ ಎಂದೆಲ್ಲ ಉಪನ್ಯಾಸ ಕೊಟ್ಟೆ. ಅವರು ರೊಟ್ಟಿ ತಟ್ಟುತ್ತ, “ಊ” ಎನ್ನುತ್ತಿದ್ದರು. ಉಪನ್ಯಾಸಕ್ಕೋ, ರೊಟ್ಟಿ ಬೆಂದದ್ದಕ್ಕೋ ತಿಳಿಯುತ್ತಿರಲಿಲ್ಲ. ಸಭೆಯಲ್ಲಿ ಓದಲಿಕ್ಕೆಂದು ಭಾಷಣವನ್ನೂ ಬರೆದುಕೊಟ್ಟೆ. ‘ಮೂಲಭೂತ ಸೌಕರ್ಯಗಳ ಲಿಂಗಾಧಾರಿತ ಅಸಮಾನತೆ’ ಎಂದು ಶುರುವಾಗುತ್ತಿತ್ತು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತೂಗಿದಂತೆ ಮಾಡಿ, “ಬಲೇ ಚೆಂದಾಗ್ ಬರ್ದಿದ್ದೀಯ ಕಣಮ್ಮಿ,” ಎಂದು ಉಪ್ಪಿನಕಾಯಿ ಜಾಡಿಯ ಕೆಳಗಿಟ್ಟರು. ಜಾಡಿ ಅಲ್ಲಾಡುವುದು ನಿಂತಿತು.

ಸಭೆಯ ಬೆಳಿಗ್ಗೆ ಭಾಷಣವನ್ನು ಒಮ್ಮೆ ಓದಿಸೋಣವೆಂದು ಅವರ ಮನೆಗೆ ಹೋದರೆ ಹೊಸಿಲಲ್ಲೇ ಘಾಟು ಹೊಡೆಯಿತು. ಅತ್ತೆ ಕಿಟಕಿ ಹಾಕಿಕೊಂಡು ಒಣಮೆಣಸಿನಕಾಯಿ ಹುರಿಯುತ್ತಿದ್ದರು. ನಡುಮನೆಯಲ್ಲಿ ಮಾವ ಕಣ್ಣು ಕೆಂಪಗೆ ಮಾಡಿಕೊಂಡು ಕೆಮ್ಮುತ್ತಿದ್ದರು.

“ಏನತ್ತೆ ಇದು, ಇವತ್ತೇ?”

“ಖಾರದ್ ಪುಡಿ ಮುಗುದೋಗದೆ. ಉಣ್ಣದ್ ಬ್ಯಾಡ್ವಾ?”

ನನಗೆ ಬೇಸರವಾಯಿತು. ಇಂಥ ದಿನ ಇವರಿಗೆ ಖಾರದ ಪುಡಿಯ ಚಿಂತೆಯಾಯಿತಲ್ಲಾ ಎಂದುಕೊಂಡೆ.

ಸಭೆ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಶೌಚಾಲಯದ ವಿಷಯವನ್ನೇ ಮತಕ್ಕೆ ಹಾಕಿದರು. ಅಧ್ಯಕ್ಷರು, “ಪರವಾಗಿರೋರು ಕೈ ಎತ್ತಿ,” ಎಂದರು. ಒಂದು ಕಡೆಯ ಕೈಗಳೆಲ್ಲ ಎದ್ದವು. ಇನ್ನೊಂದು ಕೈ ಎದ್ದರೆ ಶೌಚಾಲಯ, ಇಲ್ಲದಿದ್ದರೆ ಸಮಸಮವಾಗಿ ಅಧ್ಯಕ್ಷರ ಮತದಿಂದ ಕಮಾನು. ಹಿಂದಿನ ಬೆಂಚಿನಲ್ಲಿ ಮಾವ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರು. ಮುಖ ಕೆಂಪಾಯಿತು, ಹೆಗಲು ಕುಲುಕಿತು, ಕಣ್ಣಲ್ಲಿ ನೀರು ಬಂತು. ಕೊನೆಗೆ ಕಟ್ಟೆಯೊಡೆದಂತೆ ಒಂದು ಕೆಮ್ಮು! ಅದರ ಹಿಂದೆಯೇ ಶಿವಮ್ಮತ್ತೆಯ ಹಸಿರು ಗಾಜಿನ ಬಳೆಗಳು ಘಲ್ಲೆಂದು ಮೇಲೆದ್ದವು. “ಏಯ್, ಇಳ್ಸೇ, ಇಳ್ಸು!” ಎನ್ನಲು ಮಾವ ಬಾಯಿ ತೆರೆದರೆ ಬಂದದ್ದು ಇನ್ನೂ ನಾಲ್ಕು ಕೆಮ್ಮು. ಅತ್ತೆ ಕೈಯನ್ನು ಮತ್ತಷ್ಟು ಮೇಲೆತ್ತಿದರು.

ಎಷ್ಟು ಸೊಗಸಾದ ನೋಟ! ಕಾಲೇಜಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ ಇದನ್ನು ಬಳೆಯ ಸದ್ದಿನ ಸಮೇತ ಎಷ್ಟು ಸಲ ವರ್ಣಿಸಿದ್ದೇನೋ. ಹೇಳಿ ಹೇಳಿ ನಾನೇ ಮರೆತದ್ದೆಂದರೆ, ಆ ಹೊತ್ತಿನಲ್ಲಿ ನಾನು ಸಭಾಂಗಣದಲ್ಲಿ ಇರಲೇ ಇಲ್ಲ. ಉದ್ವೇಗದಲ್ಲಿ ಎರಡು ಲೋಟ ಚಹಾ ಕುಡಿದಿದ್ದೆ. ಕಚೇರಿಯ ಹೆಂಗಸರ ಶೌಚಾಲಯಕ್ಕೆ ಬೀಗ. ಒಳಗೆ ಬ್ಲೀಚಿಂಗ್ ಪೌಡರಿನ ಮೂಟೆ ಜೋಡಿಸಿದ್ದರು. ನಮ್ಮೂರ ಹೆಂಗಸರ ಹಣೆಬರಹ ತೀರ್ಮಾನವಾಗುವಾಗ ಅವರ ಪರ ಹೋರಾಟಗಾರ್ತಿ ಎದುರು ಮನೆಯ ಅಜ್ಜಿಯ ಹಿತ್ತಲಿನಲ್ಲಿದ್ದಳು. ನಾನು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದು, ಜನ ಮೆಟ್ಟಿಲಿಳಿಯುತ್ತಿದ್ದರು. ಬಳೆ ಹಸಿರೆಂದು ನನಗೆ ಯಾರು ಹೇಳಿದರೋ ತಿಳಿಯದು.

ಮಾವನದು ವಿಚಿತ್ರ ಇಕ್ಕಟ್ಟು. ಕಮಾನಿನವರು ಮನೆ ಬಾಗಿಲಿಗೆ ಬಂದು ಜಗಳ ತೆಗೆದರು. “ನಾ ಕೆಮ್ಮಿದ್ದು ಬರೀ ಕೆಮ್ಮು ಕಣ್ರಲಾ, ಸನ್ನೆ ಅಲ್ಲ!” ಎಂದು ಮಾವ ಗೋಳಾಡಿದರು. ಆದರೆ ಹಾಗೆಂದು ಪುರಸಭೆಗೆ ಬರೆದುಕೊಡುವಂತಿಲ್ಲ. ಕೊಟ್ಟರೆ ಇಷ್ಟು ಕಾಲ ಕೆಮ್ಮಿದ್ದೆಲ್ಲ ಸನ್ನೆಯೇ ಎಂದು ಒಪ್ಪಿಕೊಂಡಂತೆ. ಕೆಲವು ದಿನ ಮುಖ ಊದಿಸಿಕೊಂಡಿದ್ದರು. ಕಟ್ಟಡ ಎದ್ದು, ಸಂತೆಯ ಹೆಂಗಸರು, “ಮೆಂಬ್ರಣ್ಣ, ನಿಮ್ ಒಟ್ಟೆ ತಣ್ಣಗಿರ್ಲಿ,” ಎಂದು ಸೊಪ್ಪನ್ನು ಕೈಗೆ ತುರುಕತೊಡಗಿದ ಮೇಲೆ, “ನಾನೇ ಮಾಡ್ಸಿದ್ದು,” ಎನ್ನಲು ಶುರುಮಾಡಿದರು. ಒಂದು ಲೆಕ್ಕದಲ್ಲಿ ಅದು ನಿಜವೇ.

ನಾನಾದರೂ ಅಷ್ಟು ಒಳ್ಳೆಯವಳಲ್ಲ. ಇದು ನನ್ನ ಉಪನ್ಯಾಸಗಳ ಫಲವೆಂದು ಬಹಳ ದಿನ ಒಳಗೊಳಗೇ ಬೀಗಿದ್ದೆ. ಮೊನ್ನೆ ನಮ್ಮ ಅಡುಗೆಮನೆಯ ಅಟ್ಟ ಜಾಡಿಸುವಾಗ ಒಂದು ಸ್ಟೀಲ್ ಡಬ್ಬ ಸಿಕ್ಕಿತು. ಅದರ ತಳದಲ್ಲಿ ಅತ್ತೆ ಕೊಟ್ಟ ಖಾರದ ಪುಡಿ. “ಈ ಸಲ ಎರಡ್ ಡಬ್ಬ ಎಚ್ಗೆ ಆಗ್ಬುಟ್ಟದೆ, ಮಡೀಕೊ,” ಎಂದು ಕೊಟ್ಟಿದ್ದರು. ಆದರೆ ಕೊಟ್ಟದ್ದು ಸಭೆಯ ಹಿಂದಿನ ವಾರವೋ, ಮುಂದಿನ ವಾರವೋ? ಮುಂದಿನ ವಾರವಾದರೆ ಅದರಲ್ಲೇನೂ ಇಲ್ಲ. ಹಿಂದಿನ ವಾರವಾದರೆ, ಆ ಬೆಳಿಗ್ಗೆ ಖಾರದ ಪುಡಿ ಮುಗಿದದ್ದಾದರೂ ಹೇಗೆ? ಆಕರ ಪರೀಕ್ಷಿಸಲು ಹೇಳಿಕೊಡುವವಳಿಗೆ ಆ ವಾರವೇ ನೆನಪಿಲ್ಲ. ದಿನಚರಿಯಲ್ಲಿ ಉಪ್ಪಿನ ವಿಷಯವಿದೆ, ಖಾರದ ವಿಷಯವಿಲ್ಲ.

ಡಬ್ಬ ಹಿಡಿದುಕೊಂಡೇ ಅತ್ತೆಯ ಮನೆಗೆ ಹೋದೆ. ಮಾವ ಜಗುಲಿಯಲ್ಲಿ ಯಾರಿಗೋ ಶೌಚಾಲಯ ತಂದ ಕಥೆ ಹೇಳುತ್ತಿದ್ದರು. ನಾನು ಅಡುಗೆಮನೆಗೆ ನುಗ್ಗಿ, ದನಿ ತಗ್ಗಿಸಿ ಕೇಳಿದೆ:

“ಅತ್ತೆ, ನಿಜ ಹೇಳಿ. ಅವತ್ತು ಬೆಳಿಗ್ಗೆ ಮೆಣಸಿನಕಾಯಿ ಹುರಿದದ್ದು ಯಾಕೆ?”

ಅತ್ತೆ ಡಬ್ಬ ತೆಗೆದುಕೊಂಡು, ಮೂಸಿ ನೋಡಿ, “ಘಾಟೇ ಒಂಟೋಗದೆ, ಬ್ಯಾರೆ ಕೊಡ್ತೀನಿ ಬುಡು,” ಎಂದರು. ಆಮೇಲೆ ಚೊಂಬಿನ ತುಂಬ ನೀರು ತಂದು ನನ್ನ ಮುಂದಿಟ್ಟರು. “ಬಸ್ ಬರೋ ಒತ್ತಾಯ್ತು. ಒಟ್ಟೆ ತುಂಬ ಕುಡ್ಕಂಡ್ ಓಗು.”

ಕುಡಿದೆ. ಚೊಂಬು ಕೆಳಗಿಟ್ಟು ಬಸ್ ನಿಲ್ದಾಣಕ್ಕೆ ಹೊರಟೆ.