ಮೌಶಿಯ ಎರಡು ಪ್ರಶ್ನೆಗಳು

ನಮ್ಮ ಮೌಶಿ ಹೆಸರು ಮತ್ತು ಹುಟ್ಟಿದ ದಿನ ಕೇಳದೆ ಯಾರಿಗೂ ಏನನ್ನೂ ಕೊಡುವವಳಲ್ಲ! ನೀವು ನಂಬುವುದಿಲ್ಲ, ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಯೂ ನಂಬಿರಲಿಲ್ಲ. ಸಾನಪಾಡಾದಲ್ಲಿರುವ ಮೌಶಿಯ ಮನೆಗೆ ಹೋದಾಗ, ತಲೆ ನೋಯುತ್ತಿದೆ ಎಂದು ಒಂದು ಗುಳಿಗೆ ಕೇಳಿದಳು, ಅಷ್ಟೇ. ಮೌಶಿ ಗುಳಿಗೆ ಹಿಡಿದುಕೊಂಡು ಎದುರಿಗೆ ಬಂದು ನಿಂತಳು.

"ಪೂರ್ತಿ ಹೆಸರು ಹೇಳು. ಹುಟ್ಟಿದ ದಿನ?"

"ಮೌಶಿ, ನಮ್ಮ ಲಗ್ನಕ್ಕ ನೀವ ಬಂದಿದ್ರಲ್ಲ! ಅಕ್ಷತಾ ಹಾಕೀರಿ!"

"ಹಾಕೀನಿ. ಹೆಸರು ಹೇಳು. ಯಾವುದಕ್ಕರ ಅಲರ್ಜಿ ಅದ ಏನು?"

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಮೌಶಿ ಅದನ್ನೂ ಬರೆದುಕೊಂಡಳು.

ಮೌಶಿ ಎಂದರೆ ನಮ್ಮವ್ವನ ತಂಗಿ. ವೃತ್ತಿಯಿಂದ ನರ್ಸ್. ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಶುರು ಮಾಡಿ, ಮಸ್ಕತ್ತಿಗೆ ಹಾರಿ, ಅಲ್ಲಿಂದ ಇಂಗ್ಲೆಂಡಿಗೆ ಹೋಗಿ, ರಿಟೈರ್ ಆದ ಮೇಲೆ ಸಾನಪಾಡಾಕ್ಕೆ ಬಂದು ಕೂತಿದ್ದಾಳೆ. ಕೂತಿದ್ದಾಳೆ ಎಂದದ್ದು ಬರೀ ಮಾತಿಗೆ. ಒಂದೇ ಒಂದು ಸಲ ಬಿಟ್ಟರೆ ಅವಳು ಕೂತದ್ದನ್ನು ನಾನು ನೋಡಿಲ್ಲ. ಒಂದೊಂದು ದೇಶವೂ ಅವಳಿಗೆ ಒಂದೊಂದು ಚಾಳಿ ಅಂಟಿಸಿ ಕಳಿಸಿದೆ. ಮಸ್ಕತ್ತಿನಲ್ಲಿ ಹೆಂಗಸರ ವಾರ್ಡಿನ ಪರದೆ ಸರಿಸುವ ಮೊದಲು ಹೊರಗೇ ನಿಂತು ಕೂಗಿ ಹೇಳಬೇಕಂತೆ, ಒಳಗಿರುವವರು ತಲೆ ಮೇಲೆ ಬಟ್ಟೆ ಎಳೆದುಕೊಳ್ಳಲಿ ಎಂದು. ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲೂ ಅವಳು ಅಡಿಗೆಮನೆಯ ಹೊರಗೆ ನಿಂತು "ಬರಲೇನು?" ಎಂದು ಮೂರು ಸಲ ಕೇಳುತ್ತಾಳೆ. ಒಳಗಿರುವುದು ಕುಕ್ಕರ್ ಒಂದೇ!

ಇನ್ನು ಇಂಗ್ಲೆಂಡು. ಅಲ್ಲಿ ನಾಡಿ ನೋಡಬೇಕಾದರೂ ರೋಗಿಯ ಅಪ್ಪಣೆ ಬೇಕು. ಕೈ ಮುಟ್ಟಲೇ? ತೋಳು ಎತ್ತಲೇ? ದಿಂಬು ಸರಿಸಲೇ? ಈ ಅಭ್ಯಾಸ ಇಲ್ಲಿ ಬದನೆಕಾಯಿಯವರೆಗೂ ಮುಂದುವರಿದಿದೆ. "ಭೈಯಾ, ಹಾಥ್ ಲಗಾವೂಂ?" ಎಂದು ಮೌಶಿ ಕೇಳಿದ ದಿನ ಭಾಜಿವಾಲಾ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ. ಅಲ್ಲದೆ ಅಲ್ಲಿಯ ನರ್ಸುಗಳು ಮೊಣಕೈ ಕೆಳಗೆ ಬಳೆ, ವಾಚು ಏನನ್ನೂ ಹಾಕುವಂತಿಲ್ಲ. ಗಡಿಯಾರವನ್ನು ತಲೆಕೆಳಗಾಗಿ ಎದೆಗೆ ಚುಚ್ಚಿಕೊಳ್ಳುತ್ತಾರೆ. ಮೌಶಿ ಈಗಲೂ ಅದನ್ನು ಸೀರೆಗೆ ಸಿಕ್ಕಿಸಿಕೊಂಡೇ ಠಾಣೆ ಊರಿಗೆ ಹೋಗುವ ಲೋಕಲ್ ರೈಲು ಹತ್ತುತ್ತಾಳೆ. ರಬಾಳೆ ಸ್ಟೇಷನ್ ಬರುವಷ್ಟರಲ್ಲಿ ಲೇಡೀಸ್ ಡಬ್ಬಿಯಲ್ಲಿ ಒಬ್ಬರಾದರೂ "ಆಂಟಿ, ಘಡಿ ಉಲ್ಟಾ ಹೈ" ಎನ್ನದೆ ಇರುವುದಿಲ್ಲ.

"ನಿಮಗ ಉಲ್ಟಾ. ನನಗ ಸೀದಾ ಕಾಣಸ್ತದ," ಎಂದು ಇವಳು ಶುದ್ಧ ವಿಜಯಪುರ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಅವರಿಗೆ ಅರ್ಥವಾಯಿತೋ ಇಲ್ಲವೋ ಎಂಬ ಚಿಂತೆ ಅವಳಿಗಿಲ್ಲ.

ಆದರೆ ನಮ್ಮ ಮನೆಯಿಂದ ಅವಳು ಹೊರಡುವುದನ್ನು ನೀವು ನೋಡಬೇಕು! ಪಾಳಿ ಮುಗಿಸಿದ ನರ್ಸು ಮುಂದಿನವಳಿಗೆ ವಾರ್ಡು ಒಪ್ಪಿಸದೆ ಹೋಗುವ ಹಾಗಿಲ್ಲವಲ್ಲ? ಚಪ್ಪಲಿ ಮೆಟ್ಟುವ ಮೊದಲು ನನ್ನ ಹೆಂಡತಿಯನ್ನು ನಿಲ್ಲಿಸಿಕೊಂಡು ವರದಿ ಕೊಡುತ್ತಾಳೆ: "ಬ್ಯಾಳಿ ಎರಡು ಸೀಟಿ ಆಗ್ಯದ, ಒಂದು ಬಾಕಿ. ಹಾಲು ಕಾಯಿಸೀನಿ. ಅಕ್ಕ ಎರಡು ಲೋಟ ನೀರು ಕುಡದಾಳ. ನಿನ್ನ ಗಂಡ ಮುಂಜಾನಿಂದ ಸಿಡಿಮಿಡಿ ಮಾಡ್ಲಿಕತ್ಯಾನ, ಕಾರಣ ಗೊತ್ತಾಗಿಲ್ಲ, ಕಣ್ಣಿಟ್ಟಿರು."

ಹೀಗೆ ನಗುತ್ತಾ ಇದ್ದವರು ನಾವು. ಕಳೆದ ವರ್ಷ ಅವ್ವ ಡೊಂಬಿವಲಿ ಸ್ಟೇಷನ್ನಿನ ಬ್ರಿಡ್ಜಿನ ಮೆಟ್ಟಿಲ ಮೇಲೆ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ನಗು ಅಲ್ಲಿಗೆ ನಿಂತಿತು. ಠಾಣೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಈ ವಯಸ್ಸಿನಲ್ಲಿ ಮಲಗಿದವರು ಏಳುವುದು ಕಷ್ಟ ಎಂದು ಹೆದರಿಸಲು ಬಂದವರೇ ಹೆಚ್ಚು.

ವಾರ್ಡಿಗೆ ತಂದ ಕೂಡಲೇ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ, "ಪೇಶಂಟ್ ಕೆ ಸಾಥ್ ಕೌನ್ ಹೈ?"

ಮೌಶಿಗೆ ಇದೇ ಸೋಜಿಗ. "ಇಂಗ್ಲೆಂಡ್‌ದಾಗ ಈ ಪ್ರಶ್ನಿನ ಇಲ್ಲೋ. ಪೇಶಂಟ್ ಜೋಡಿ ನರ್ಸ್ ಇರ್ತಾಳ. ಮೈ ಒರಸೋದು, ಉಣಿಸೋದು, ಮಗ್ಗಲಾ ಹೊರಳಿಸೋದು, ಎಲ್ಲಾ ಅಕಿನ. ಮಕ್ಕಳು ಹೂವು ತಗೊಂಡು ಸಂಜಿಗೆ ಬಂದು ಹೋಗ್ತಾರ. ಮಸ್ಕತ್‌ದಾಗ ಕಾಫಿ, ಖರ್ಜೂರ ತಗೊಂಡು ಇಡೀ ಮನೆತನಾನ ಬರ್ತದ. ಇಲ್ಲಿ ಮಾತ್ರ ಮಗಾನೂ ಅರ್ಧಾ ನರ್ಸ್ ಆಗಬೇಕು."

ನಾನು ಅರ್ಧ ಹೋಗಲಿ, ಕಾಲು ನರ್ಸೂ ಆಗಲಿಲ್ಲ. ಚೀಟಿ ಹಿಡಿದು ಕೆಳಗಿನ ಮೆಡಿಕಲ್‌ಗೆ ಓಡುವುದಷ್ಟೇ ನನ್ನ ಸಾಧನೆ. ಉಳಿದದ್ದನ್ನೆಲ್ಲ ಮೌಶಿ ಮಾಡಿದಳು. ಇಲ್ಲಿಯ ಆಸ್ಪತ್ರೆಗಳಲ್ಲಿ ಆಯಾಗಳನ್ನೂ ಮಾವಶಿ ಎಂದೇ ಕರೆಯುತ್ತಾರೆ. ಹಾಗಾಗಿ ನಾನು "ಮೌಶೀ" ಎಂದು ಕೂಗಿದರೆ ಇಬ್ಬರು ತಿರುಗುತ್ತಿದ್ದರು. ಒಬ್ಬರ ಕೈಯಲ್ಲಿ ಬೆಡ್‌ಪ್ಯಾನ್. ಇನ್ನೊಬ್ಬರ ಕೈಯಲ್ಲೂ ಬೆಡ್‌ಪ್ಯಾನ್!

ದಿನಕ್ಕೆ ನಾಲ್ಕು ಸಲ ಅವಳು ಅವ್ವನನ್ನು ಕೇಳುತ್ತಿದ್ದಳು, "ಹತ್ತರಾಗ ಎಷ್ಟು ನೋವು ಅದ?"

"ಏನಿಲ್ಲ ಬಿಡವಾ," ಎಂದು ಅವ್ವ ಹಲ್ಲು ಕಚ್ಚುವಳು. ಅದೇ ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರು ನೋಡಲು ಬಂದಾಗ ಹತ್ತಕ್ಕೆ ಹನ್ನೆರಡು!

ವಾರ್ಡಿನ ಸಿಸ್ಟರ್ ಕಲ್ಯಾಣದ ಮರಾಠಿ ಹುಡುಗಿ. ಹಗಲಿಡೀ ಒಬ್ಬಳೇ ಓಡುತ್ತಿದ್ದಳು. ಮೌಶಿ ಅವಳ ಮೇಲೆ ಇಂಗ್ಲೆಂಡಿನ ದರ್ಬಾರು ನಡೆಸಬಹುದು ಎಂದು ನಾನು ಹೆದರಿದ್ದೆ. ಎರಡನೆಯ ದಿನವೇ ಮೌಶಿ, "ಅಲ್ಲಿ ನನ್ನ ಪಾಲಿಗೆ ಬೆರಳೆಣಿಕಿ ಮಂದಿ ಇರ್ತಿದ್ರು. ಈಕಿ ಪಾಲಿಗೆ ಇಡೀ ವಾರ್ಡ್ ಅದ. ಈಕಿ ಮುಂದ ನಾ ಏನೂ ಅಲ್ಲ," ಎಂದು ಅವಳಿಗೂ ಒಂದು ಊಟದ ಡಬ್ಬಿ ಕಟ್ಟಿ ತಂದಳು. ಬದಲಿಗೆ ಒಂದೇ ಒಂದು ಮಾತು ನಡೆಸಿಕೊಡು ಎಂದು ಕೇಳಿಕೊಂಡಳು: ಸೂಜಿ ಚುಚ್ಚುವ ಮುನ್ನ ಹೆಸರು, ಹುಟ್ಟಿದ ದಿನ ಕೇಳಬೇಕು. ಹುಡುಗಿ ಒಪ್ಪಿದಳು. ಮೌಶಿಗೆ ಸ್ವರ್ಗಕ್ಕೆ ಮೂರೇ ಗೇಣು.

ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಮುಂಚೆ ಸಿಸ್ಟರ್ ಇಂಜೆಕ್ಷನ್ ಹಿಡಿದು ಅವ್ವನ ಹತ್ತಿರ ಬಂದಳು. ಮೌಶಿ ಆಗ ಕೈ ತೊಳೆಯಲು ಹೋಗಿದ್ದಳು. ಅವಳು ಕೈ ತೊಳೆಯಲು ಹೋದರೆ ಬರುವುದು ಯಾವಾಗ ಎಂದು ಹೇಳಲಾಗದು. ಅವ್ವನ ಕೈಗೆ ಕಟ್ಟಿದ್ದ ಹೆಸರಿನ ಪಟ್ಟಿಯನ್ನು ಸಲೈನ್ ಹಾಕುವಾಗ ಕತ್ತರಿಸಿದವರು ಮತ್ತೆ ಕಟ್ಟಿರಲಿಲ್ಲ.

"ಆಜಿ, ನಾವ್ ಕಾಯ್?" ಎಂದಳು ಸಿಸ್ಟರ್.

"ಶಾಂತಾಬಾಯಿ."

"ಪೂರ್ಣ ನಾವ್?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಲ್ಲಿಯ ಕಾಗದಗಳಲ್ಲಿ ಪೂರ್ತಿ ಹೆಸರು ಎಂದರೆ ನಡುವೆ ಗಂಡನ ಹೆಸರು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾದರೂ ಆ ಹೆಸರು ಅವ್ವನ ಬಾಯಿಂದ ಬಂದಿಲ್ಲ. ನಾನಾದರೂ ಹೇಳಬಹುದಿತ್ತು, ಹೊಳೆಯಲಿಲ್ಲ. ಸಿಸ್ಟರ್‌ಗೆ ಎಷ್ಟು ಕಾಯಲು ಸಾಧ್ಯ? "ಜನ್ಮತಾರೀಖ್?" ಎಂದಳು.

"ಜೂನ್ ಒಂದು."

ಸರಿಯಾಗಿಯೇ ಇದೆ! ನಾನೂ ತಲೆಯಾಡಿಸಿದೆ. ಸಿಸ್ಟರ್ ಅವ್ವನ ಸೀರೆ ಸರಿಸಿ ಹೊಟ್ಟೆಗೆ ಸ್ಪಿರಿಟ್ ಹಚ್ಚಿದಳು. ಆಗ ಪಕ್ಕದ ಮಂಚದಿಂದ ಒಂದು ದನಿ ಬಂತು: "ಏ ಯವ್ವಾ, ಅದು ನಂದದ! ಉಣ್ಣೂಕಿಂತ ಮೊದಲ ಹೊಟ್ಟಿಗಿ ಚುಚ್ಚೋದು ನನಗ. ನನಗ ಸಕ್ಕರಿ ಅದ, ಅಕಿಗಿಲ್ಲ." ಸಿಸ್ಟರ್ ಸೂಜಿ ಹಿಂದೆ ತೆಗೆದಳು.

ಪಕ್ಕದ ಮಂಚದಾಕೆ ಕಲಬುರಗಿ ಕಡೆಯವಳು, ರಬಾಳೆಯ ಫ್ಯಾಕ್ಟರಿಯಲ್ಲಿ ಲೋಡಿಂಗ್ ಮಾಡುವವನ ತಾಯಿ. ಅವಳ ಹೆಸರೂ ಶಾಂತಾಬಾಯಿ. ಅವಳೂ ಗಂಡನ ಹೆಸರು ಹೇಳುವವಳಲ್ಲ. ಹುಟ್ಟಿದ ದಿನ? ಜೂನ್ ಒಂದು! ಅವರ ಕಾಲದಲ್ಲಿ ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಕಂಡ ಮಕ್ಕಳನ್ನೆಲ್ಲ ಜೂನ್ ಒಂದಕ್ಕೇ ಹುಟ್ಟಿಸಿಬಿಟ್ಟಿದ್ದರು. ಸಕ್ಕರೆ ಕಾಯಿಲೆಯೇ ಇಲ್ಲದ, ಬೆಳಗಿನಿಂದ ಸರಿಯಾಗಿ ಉಣ್ಣದ ಅವ್ವನಿಗೆ ಆ ಇನ್ಸುಲಿನ್ ಹೋಗಿದ್ದರೆ?

ಮೌಶಿ ಬಂದಾಗ ಸಿಸ್ಟರ್ ಗೋಡೆಗೆ ಒರಗಿ ಅಳುತ್ತಿದ್ದಳು. ನಾನು ಕೂಗಾಡಲು ಬಾಯಿ ತೆರೆದೆ. ಮೌಶಿ ಕೈ ಎತ್ತಿ ನನ್ನನ್ನು ತಡೆದಳು. ಪಕ್ಕದ ಶಾಂತಾಬಾಯಿಗೆ ಅವಳ ಇಂಜೆಕ್ಷನ್ ಸರಿಯಾಗಿ ಕೊಡಿಸಿ, ಆಮೇಲೆ ಹುಡುಗಿಗೆ ಚಹಾ ತರಿಸಿದಳು. "ಅಲ್ಲಿ ಹಿಂಗಾದರ ಬೈಯೂದಿಲ್ಲ. ಯಾಕಾತು ಅಂತ ಕೂತು ಬರೀತಾರ," ಎಂದು ನನಗೆ ಹೇಳಿದವಳು, "ತಪ್ಪು ನಂದು. ಹುಟ್ಟಿದ ದಿನಕ್ಕ ಕೇಕ್ ಕೊಯ್ಯೋ ಮಂದಿಗೆ ಕೇಳೋ ಪ್ರಶ್ನಿ ತಂದು ಇಲ್ಲಿ ಕೇಳಿಸಿದೆ. ನಂದೂ ಜೂನ್ ಒಂದ ಅಲ್ಲೇನು?" ಎಂದಳು. ಮೊದಲು ಇಬ್ಬರ ಕೈಗೂ ಹೊಸ ಪಟ್ಟಿ ಕಟ್ಟಿಸಿದಳು. ನಂತರ ನೋಟ್‌ಬುಕ್ ತೆಗೆದು, ಖರೇ ಹುಟ್ಟಿದ್ದು ಯಾವಾಗ ಎಂದು ವಿಚಾರಣೆಗೇ ಇಳಿದಳು.

"ಜ್ವಾಳದ ರಾಶಿ ಟೈಮ್‌ದಾಗಂತ," ಎಂದಳು ಪಕ್ಕದ ಶಾಂತಾಬಾಯಿ.

"ಅಕ್ಕಾ, ನಿಂದು?"

"ನಂದು ನನಗ ಗೊತ್ತಿಲ್ಲ," ಎಂದಳು ಅವ್ವ. "ನಿಂದು ಗೊತ್ತದ."

ಮೌಶಿಯ ಪೆನ್ನು ನಿಂತಿತು.

"ಎಳ್ಳಮಾಸಿ ಮರುದಿನ, ಮುಂಜಾನಿ. ನನಗಾಗ ಒಂಬತ್ತು ವರ್ಷ. ಹಡೆದ ಮ್ಯಾಲ ನಮ್ಮವ್ವಗ ಜ್ವರ ಬಂದು ಹದಿನೈದು ದಿನ ಹಾಸಿಗಿ ಬಿಟ್ಟು ಏಳಲಿಲ್ಲ. ನಿನ್ನ ಕಾಲಮ್ಯಾಲ ಹಾಕ್ಕೊಂಡು ನಾನ ನೀರು ಹಾಕೀನಿ. ಬಟ್ಟಿ ಹಾಲಾಗ ಅದ್ದಿ ಅದ್ದಿ ನಾನ ಕುಡಿಸೀನಿ. ಉಳೀತದೋ ಇಲ್ಲೋ ಅಂತಿದ್ರು ಮಂದಿ."

"ಇಷ್ಟು ದಿನ ಯಾಕ ಹೇಳಲಿಲ್ಲ, ಅಕ್ಕಾ?"

"ಎಲ್ಲಾರ ಹುಟ್ಟಿದ ದಿನ ಕೇಳಕೋತ ದೇಶಾ ತಿರಗಿದಿ. ನಿಂದು ಎಂದರ ನನಗ ಕೇಳಿದ್ಯೇನು?"

ಮೌಶಿ ಅಂದು ಕೈ ತೊಳೆಯಲಿಲ್ಲ. ಮುಟ್ಟಲೇ ಎಂದು ಅಪ್ಪಣೆಯನ್ನೂ ಕೇಳಲಿಲ್ಲ. ಮಂಚದ ಅಂಚಿಗೆ ಕೂತು ಅವ್ವನ ಕೈ ಹಿಡಿದುಕೊಂಡಳು. ಅವಳು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವ್ವ ಎದ್ದಳು. ವಾಕರ್ ಹಿಡಿದು, ಆಮೇಲೆ ಕೋಲು ಹಿಡಿದು, ಈಗ ನನ್ನ ಹೆಂಡತಿಯನ್ನು ಹಿಡಿದು ನಡೆಯುತ್ತಾಳೆ. ಹಗಲೆಲ್ಲ ಓಡಿದ ಆ ಹುಡುಗಿಗೆ, ಮಲಗಿದಲ್ಲಿಂದಲೇ ಕೂಗಿದ ಆ ಕಲಬುರಗಿ ತಾಯಿಗೆ, ಎಲ್ಲರಿಗಿಂತ ಹೆಚ್ಚಾಗಿ ನಮ್ಮ ಮೌಶಿಗೆ ನಾನು ಋಣಿ. ಮೌಶಿಗೆ ಇದನ್ನು ಬಾಯಿಬಿಟ್ಟು ಹೇಳಲು ನನಗೆ ಬರಲಿಲ್ಲ. ನಮ್ಮ ಮನೆಗಳಲ್ಲಿ ಅದು ರೂಢಿಯಲ್ಲೇ ಇಲ್ಲವಲ್ಲ!

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಮರುದಿನ ಬೆಳಿಗ್ಗೆ ನಮ್ಮ ಬಾಗಿಲ ಗಂಟೆ ಬಾರಿಸಿತು. ಒಳಗೆ ಅವ್ವ ಸ್ಟೂಲಿನ ಮೇಲೆ ಕೂತು ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲು ಅರ್ಧ ತೆರೆದೆ. ಎದೆಯ ಮೇಲೆ ಉಲ್ಟಾ ಗಡಿಯಾರ ಸಿಕ್ಕಿಸಿಕೊಂಡು ಮೌಶಿ ನಿಂತಿದ್ದಳು. ನಾನು ಅಡ್ಡ ನಿಂತು ಕೇಳಿದೆ:

"ಪೂರ್ತಿ ಹೆಸರು? ಹುಟ್ಟಿದ ದಿನ?"

ಮೌಶಿ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗಿಯ ಹಾಗೆ ಮೊದಲು ತನ್ನ ಪೂರ್ತಿ ಹೆಸರು ಹೇಳಿದಳು. ಆಮೇಲೆ ಒಳಗಿನ ರೊಟ್ಟಿಯ ಸಪ್ಪಳದ ನಡುವೆಯೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಎಳ್ಳಮಾಸಿ ಮರುದಿನ, ಮುಂಜಾನಿ. ಬೇಕಾದರ ನಮ್ಮಕ್ಕನ್ನ ಕೇಳು."