ಮುಂದಿನ ಬೆಂಚಿನ ಭಕ್ತ

ಬೇಕರಿಯವನ ಆ ಭಾನುವಾರದ ಫಜೀತಿಗೆಲ್ಲ ಮೂಲ ಒಂದು ಷೂ ಲೇಸು. ಪೂಜೆಗೆ ಹೊರಟು ನಿಂತು ಎಳೆದು ಕಟ್ಟಿದ್ದೇ ತಡ, ಅದು ಮುದಿ ಬೆಕ್ಕಿನ ಮೀಸೆಯಂತೆ ಕೈಗೆ ಬಂತು. ತುಂಡಿಗೆ ತುಂಡು ಸೇರಿಸಿ ಬಿಗಿಯುವಷ್ಟರಲ್ಲಿ ಚರ್ಚಿನ ಗಂಟೆ ಬಾರಿಸಿ ಸುಮ್ಮನಾಗಿತ್ತು.

ಒಲೆಯೊಳಗೆ ಬನ್ನುಗಳಿದ್ದವು. ಮಧ್ಯಾಹ್ನದ ಶಾಲಾ ವಾರ್ಷಿಕೋತ್ಸವಕ್ಕೆ ಹೆಡ್‌ಮೇಡಂ ಕೊಟ್ಟ ಮೊದಲ ಆರ್ಡರು. ಚೆನ್ನಾಗಿ ಬಂದರೆ ವರ್ಷವಿಡೀ ಶಾಲೆಯ ಬನ್ನು ಇವನದೇ. ಕೆಟ್ಟರೆ ಎದುರು ಬೇಕರಿಯವನದು.

"ನಾನು ಬರೋವರೆಗೂ ಒಲೆ ಬಾಗಿಲು ಮುಟ್ಬೇಡ," ಎಂದ ಹೆಂಡತಿಗೆ. "ಗಾಳಿ ತಾಗಿದ್ರೆ ಕುಸಿದು ಕೂರ್ತವೆ."

"ತಡ ಆದ್ರೆ? ಇವತ್ತೊಂದಿನ ಹೋಗ್ದಿದ್ರೆ ಆಗಲ್ವಾ?"

"ಹೋಗ್ದಿದ್ರೆ ಯಾಕೆ ಬರ್ಲಿಲ್ಲ ಅಂತ ಕೇಳೋಕೆ ಸೂಜಿಯಕ್ಕ ಮನೆಗೇ ಬರ್ತಾಳೆ. ಫಾದರ್ ಪ್ರಬೋಧನೆ ಶುರುವಾಗೋಕೆ ಮುಂಚೆ ಜಾರ್ಕೊಂಡು ಬಂದ್ಬಿಡ್ತೀನಿ ಬಿಡು."

ಜಾರಿಕೊಳ್ಳುವುದರಲ್ಲಿ ಅವನು ಪಳಗಿದವನು. ಬಾಗಿಲ ಪಕ್ಕದ ಕೊನೆಯ ಬೆಂಚು, ಕಂಬದ ಮರೆ, ಅದು ಅವನ ಜಾಗ. ಅಲ್ಲಿಂದ ಬಲಿಪೀಠ ಕಾಣದು. ಕಾಣುವುದೆಲ್ಲ ಮೊದಲ ಬೆಂಚಿನಲ್ಲಿ ಕೂರುವ ಬ್ಯಾಂಡ್ ತಾತನ ಬೋಳು ತಲೆ. ಒಂದು ಕಾಲದಲ್ಲಿ ಬ್ಯಾಂಡ್ ಮಾಸ್ಟರಾಗಿದ್ದ ತಾತನ ತಲೆ ಮೇಲೇರಿದರೆ ಎದ್ದು ನಿಲ್ಲಬೇಕು, ಮುಳುಗಿದರೆ ಮಂಡಿಯೂರಬೇಕು. ಎಲ್ಲರೂ ಮಂತ್ರ ಬಲ್ಲವರು, ತಾನೊಬ್ಬನೇ ತಲೆ ನೋಡಿ ನಡೆಯುವವನು ಎಂದು ಬೇಕರಿಯವನು ನಂಬಿದ್ದ.

ಅಂದು ಕೊನೆಯ ಬೆಂಚು ತುಂಬಿತ್ತು. ಬಾಗಿಲಲ್ಲಿ ದರ್ಜಿ ಹೆಂಗಸು ಸೂಜಿಯಕ್ಕ ನಿಂತಿದ್ದಳು. ಬಟ್ಟೆಗಿಂತ ಹೆಚ್ಚು ಅವಳು ಜನರನ್ನು ಚುಚ್ಚುತ್ತಿದ್ದುದರಿಂದ ಆ ಹೆಸರು.

"ಬಾರಪ್ಪ, ಮದುಮಗ. ತಾತ ಯಾಕೋ ಇವತ್ತು ಬಂದಿಲ್ಲ. ಅಲ್ಲೇ ಕೂತ್ಕೋ."

"ಬೇಡಕ್ಕ, ಇಲ್ಲೇ ಗೋಡೆಗೆ..."

"ಗೋಡೆ ಬೀಳಲ್ಲ, ನೀನು ಆತ್ಕೊಳ್ಳೋದು ಬೇಡ. ನಡಿ."

ಮೊದಲ ಬೆಂಚಿನಲ್ಲಿ ಕೂತು ನೋಡಿದರೆ ಮುಂದೆ ಯಾವ ಬೋಳು ತಲೆಯೂ ಇಲ್ಲ. ಶಿಲುಬೆಯ ಮೇಲಿನ ಪ್ರಭು, ಎರಡು ಮೇಣದ ಬತ್ತಿ, ಆ ವಾರವಷ್ಟೇ ವರ್ಗವಾಗಿ ಬಂದಿದ್ದ ಹೊಸ ಫಾದರ್, ಇಷ್ಟೇ. ಫಾದರ್ ಶುಭಸಂದೇಶದ ಪುಸ್ತಕ ತೆರೆದು ಕಾದರು. ಯಾರೂ ಏಳಲಿಲ್ಲ. ಬನ್ನುಗಳು ಈಗ ಕೆಂಪಡರಿರಬೇಕು ಎಂದುಕೊಂಡು ಬೇಕರಿಯವನು ಹೊರಡಲು ಎದ್ದ. ಹಿಂದೆ ಚರ್ಚಿಗೆ ಚರ್ಚೇ ಧಡಧಡ ಎದ್ದು ನಿಂತಿತು. ಫಾದರ್ ಓದತೊಡಗಿದರು. ಇನ್ನು ಹೊರಡುವುದು ಹೇಗೆ?

ಅಷ್ಟರಲ್ಲಿ ಲೇಸಿನ ಗಂಟು ಬಿಚ್ಚಿತು. ಕಟ್ಟಲೆಂದು ಒಂದು ಮಂಡಿ ಊರಿದ. ಹಿಂದಿನಿಂದ ಅಕ್ಕಿ ಮೂಟೆ ಉರುಳಿದಂಥ ಸದ್ದು. ತಿರುಗಿದರೆ ಊರೆಲ್ಲ ಮಂಡಿಯ ಮೇಲೆ. ಸಂಧಿವಾತದ ಅಜ್ಜಿಯೊಬ್ಬಳು ಅರ್ಧ ದಾರಿಯಲ್ಲಿ ನಿಂತು ನರಳುತ್ತಿದ್ದಳು. ಫಾದರ್ ಓದು ನಿಲ್ಲಿಸಿ ಒಂದು ಗಳಿಗೆ ನೋಡಿದರು. ಆಮೇಲೆ, ಇದು ಇಲ್ಲಿಯ ರೂಢಿಯಿರಬೇಕು ಎಂಬಂತೆ, ಪುಸ್ತಕ ಹಿಡಿದುಕೊಂಡೇ ಅವರೂ ಮಂಡಿಯೂರಿದರು.

ಕೆಟ್ಟದ್ದು ಯಾವುದೂ ಒಂಟಿಯಾಗಿ ಬರುವುದಿಲ್ಲ. ಬೇಕರಿ ಕಡೆಯಿಂದ ಸುಟ್ಟ ವಾಸನೆ ಬಂತು. ಬೇಕರಿಯವನು ಥಟ್ಟನೆ ಎದ್ದು ಬಾಗಿಲಿನತ್ತ ತಿರುಗಿದ. ಊರೆಲ್ಲ ಎದ್ದು, ಪೀಠಕ್ಕೆ ಬೆನ್ನು ಮಾಡಿ ಬಾಗಿಲಿನತ್ತ ತಿರುಗಿತು. ಬಾಗಿಲಲ್ಲಿ ಹೆಂಡತಿ, ಕೈಯಲ್ಲಿ ಮಸಿ ಬಟ್ಟೆ. ಒಲೆ ತೆಗೆಯಲೇ ಎಂದು ಕಣ್ಣಲ್ಲೇ ಕೇಳಿದಳು. ತೆಗಿ, ತೆಗಿ, ಹೊರಗೆ ಎಳಿ ಎಂದು ಅವನು ಎರಡೂ ಕೈ ಮುಂದೆ ಚಾಚಿದ. ಇಡೀ ಊರು ಎರಡೂ ಕೈ ಅವಳತ್ತ ಚಾಚಿತು. ಅವಳ ಮುಖ ಬಿಳಿಚಿಕೊಂಡಿತು, ಬಂದ ಹಾಗೇ ಮಾಯವಾದಳು.

ಅವನು ಬೆಂಚಿನಿಂದ ಒಂದು ಹೆಜ್ಜೆ ಈಚೆ ಇಟ್ಟ. ಊರೂ ಒಂದು ಹೆಜ್ಜೆ ಈಚೆ ಇಟ್ಟಿತು. ಕುರಿಮಂದೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಬೇಕರಿಗೆ ಓಡುವುದೆಂತು? ಹೋಗಿ ಕೂತ. ಎಲ್ಲರೂ ಕೂತರು.

ಪ್ರಬೋಧನೆಗೆ ನಿಂತ ಫಾದರ್ ಕಣ್ಣೊರೆಸಿಕೊಂಡರು.

"ನಿಮ್ಮ ರೂಢಿ ನನಗೆ ಗೊತ್ತಿರಲಿಲ್ಲ. ಶುಭಸಂದೇಶಕ್ಕೆ ಎದ್ದು ನಿಲ್ಲುವುದು ಎಲ್ಲ ಕಡೆ ಇದೆ. ಸಾವಿನಿಂದ ಎದ್ದವನ ಮಾತಿಗೆ ನಾವೂ ಏಳುತ್ತೇವೆ. ಆದರೆ ನೀವು ಆ ಮಾತಿನ ಭಾರಕ್ಕೆ ಮಂಡಿಯೂರಿ ಚಿಕ್ಕವರಾದಿರಿ. ಬಾಗಿಲಿಗೆ ತಿರುಗಿ, ಇನ್ನೂ ಬಾರದವರಿಗಾಗಿ ಕಾದಿರಿ. ಕೈ ಚಾಚಿದಿರಿ. ಬರಿಗೈ ಅಂದರೆ ಏನು? ನನ್ನಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ, ಬಾ, ಅನ್ನುವುದು."

ಸೂಜಿಯಕ್ಕ ಸೆರಗಲ್ಲಿ ಮೂಗೊರೆಸಿಕೊಂಡಳು. ಬೇಕರಿಯವನಿಗೂ ಎದೆ ತುಂಬಿ ಬಂತು. ಉಸಿರೆಳೆದುಕೊಂಡಾಗ ಮತ್ತೆ ಬನ್ನಿನ ನೆನಪಾಯಿತು.

ಮನೆ ಸೇರಿದಾಗ ಒಲೆಯಲ್ಲಿ ಸಾಲುಸಾಲು ಇದ್ದಿಲು.

"ತೆಗಿ ಅಂದೆನಲ್ಲೇ."

"ತೆಗಿ ಅಂದ್ರಾ? ಊರಿಗೆ ಊರೇ ಸೇರ್ಕೊಂಡು ನನ್ನನ್ನ ಆಚೆ ತಳ್ಳಿದ ಹಾಗಿತ್ತು. ಏನು ಪಾಪ ಮಾಡಿದ್ನೋ ಅಂತ ಕಾಂಪೌಂಡ್ ಗೋಡೆ ಪಕ್ಕ ಕೂತು ಅತ್ತೆ."

ಹೆಡ್‌ಮೇಡಂ ಚರ್ಚಿನಿಂದ ನೇರ ಅಲ್ಲಿಗೇ ಬಂದರು. ಇದ್ದಿಲು ನೋಡಿದರೂ ಗದರಲಿಲ್ಲ, ಕೈಮುಗಿದರು. "ನಿಮ್ಮಂಥವರನ್ನ ಒಲೆ ಮುಂದೆ ನಿಲ್ಲಿಸೋದು ನಮ್ಮದೇ ತಪ್ಪು. ಇನ್ಮೇಲೆ ಎದುರು ಬೇಕರಿಯವನಿಗೇ ಹೇಳ್ತೀನಿ. ನೀವು ನಿಶ್ಚಿಂತೆಯಾಗಿ ಪ್ರಾರ್ಥನೆ ಮಾಡ್ಕೊಂಡಿರಿ." ಎಂದವರೇ ರಸ್ತೆ ದಾಟಿದರು.

ತಾತನನ್ನು ಹೇಗಾದರೂ ಗುಣಪಡಿಸಿ ಮೊದಲ ಬೆಂಚಿನಲ್ಲಿ ವಾಪಸು ಕೂರಿಸಬೇಕೆಂದು ಬೇಕರಿಯವನು ಅವನ ಮನೆಗೆ ಓಡಿದ. ತಾತ ಬರಿಗಾಲನ್ನು ಸ್ಟೂಲಿನ ಮೇಲೆ ಚಾಚಿ ಕಾಫಿ ಹೀರುತ್ತಿದ್ದ.

"ಹುಷಾರಿಲ್ವಾ ತಾತ?"

"ಇಷ್ಟು ಹುಷಾರಾಗಿ ನಾನು ಯಾವತ್ತೂ ಇರ್ಲಿಲ್ಲ, ತಮ್ಮಾ. ಬೆಳಿಗ್ಗೆ ಕಿಟಕೀಲಿ ನೋಡ್ದೆ. ಗಂಟೆ ಹೊಡೆದ್ಮೇಲೆ ನೀನು ಲೇಸು ಎಳ್ಕೊಂಡು ಓಡ್ತಿದ್ದೆ. ಇವತ್ತು ಬಿಟ್ರೆ ಇನ್ಯಾವತ್ತು ಅಂತ ಹಾಕ್ಕೊಂಡಿದ್ದ ಷೂ ಬಿಚ್ಚಿಟ್ಟೆ."

"ಅಂದ್ರೆ?"

"ನಾನೂ ಕೊನೇ ಬೆಂಚಿನವನೇ. ಬ್ಯಾಂಡ್ ಬಿಟ್ಟ ಹೊಸದರಲ್ಲಿ ಒಂದಿನ ತಡವಾಗಿ ಹೋದೆ, ಮುಂದೆ ಕೂರಿಸಿದ್ರು. ಕಾಲು ಜೋಮು ಹಿಡೀತು, ಮಂಡಿಯೂರಿದೆ. ಹಿಂದೆ ಧಡ್ ಅಂತು. ಅವತ್ತು ಸಿಕ್ಕಿಬಿದ್ದವನು, ಇವತ್ತು ಬಿಡಿಸ್ಕೊಂಡೆ."

"ಹಾಗಾದ್ರೆ ಇಷ್ಟು ದಿನ ನಾವು ಮಂಡಿಯೂರಿದ್ದು ನಿಮ್ಮ ಜೋಮಿಗಾ? ಅದಕ್ಕೆ ಅರ್ಥವೇ ಇಲ್ವಾ?"

ತಾತ ಲೋಟ ಕೆಳಗಿಟ್ಟ. "ಇದ್ಯಲ್ಲ. ಮೊದಲು ಮಂಡಿ ಬಗ್ಗುತ್ತೆ, ಅರ್ಥ ಆಮೇಲೆ ನಿಧಾನಕ್ಕೆ ಬಂದು ಪಕ್ಕದಲ್ಲಿ ಕೂರುತ್ತೆ. ನನಗೆ ಬಂತು. ನಿನಗೂ ಬರುತ್ತೆ, ಬೆಂಚು ಬಿಟ್ಟು ಏಳ್ಬೇಡ."

ಬೇಕರಿಯವನು ಅಷ್ಟು ಸುಲಭಕ್ಕೆ ಸಿಗುವವನಲ್ಲ. ಸಂಜೆ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು, ಚಪ್ಪಲಿ ಹಾಕಿಕೊಂಡು ಹೋದ. ಕೊನೆಯ ಬೆಂಚು, ಕಂಬದ ಮರೆ. ಪಕ್ಕಕ್ಕೆ ತಾತನೂ ಬಂದು, "ಸ್ವಲ್ಪ ಸರಿ," ಎಂದು ಕೂತ. ಮುಂದಿನ ಬೆಂಚು ಖಾಲಿ. ಇನ್ನು ಯಾರನ್ನು ನೋಡುತ್ತಾರೋ ನೋಡಿಕೊಳ್ಳಲಿ ಎಂದು ಬೇಕರಿಯವನು ಹಾಯಾಗಿ ಕಣ್ಣು ಮುಚ್ಚಿದ.

ಬೆಂಚುಗಳು ಕಿರುಗುಟ್ಟಿದವು. ಕಣ್ಣು ಬಿಟ್ಟರೆ ಸೂಜಿಯಕ್ಕ, ಹೆಡ್‌ಮೇಡಂ, ಅಜ್ಜಿ, ಊರಿಗೆ ಊರೇ ಪೀಠಕ್ಕೆ ಬೆನ್ನು ಹಾಕಿ, ಕಂಬದ ಆಚೀಚೆಯಿಂದ ಕತ್ತು ಚಾಚಿ ಅವನನ್ನೇ ನೋಡುತ್ತಿತ್ತು. ಆಚೆ ತುದಿಯಲ್ಲಿ ಫಾದರ್ ಕೂಡ ಪುಸ್ತಕ ಎದೆಗೊತ್ತಿಕೊಂಡು ಕಾಯುತ್ತಿದ್ದರು.

ಅವನ ಮೂಗು ತುರಿಸತೊಡಗಿತು. ಕೈ ಎತ್ತುವ ಧೈರ್ಯವಾಗಲಿಲ್ಲ.